ಊರಿನ ಆಪ್ ನೀರು ಬಿಡುವವರ ಕೈಯಿಂದ ಶುರುವಾಗಲಿ

ಊರಿಗೊಂದು ಆಪ್ ಮಾಡಿಕೊಡಿ ಎಂದು ಪುರಸಭೆಯವರು ಕರೆದರೆ ಮೊದಲ ಮೀಟಿಂಗ್‌ನಲ್ಲೇ ಉದ್ದನೆಯ ಪಟ್ಟಿ ಸಿದ್ಧವಾಗುತ್ತದೆ. ಸದಸ್ಯರ ಫೋಟೊ, ಅವರ ನಂಬರ್, ಆಸ್ತಿ ತೆರಿಗೆ, ದೂರು ಕೊಡುವ ಜಾಗ, ಜಾತ್ರೆಯ ಸುದ್ದಿ, ಸಂತೆಯ ದರ, ನೋಡಬೇಕಾದ ಸ್ಥಳಗಳು. ಯಾವುದೂ ಬೇಡವಾದದ್ದಲ್ಲ. ಆದರೆ ಇದರಲ್ಲಿ ಜನ ಮತ್ತೆ ಮತ್ತೆ ತೆಗೆದು ನೋಡುವುದು ಯಾವುದನ್ನು? ತೆರಿಗೆ ಕಟ್ಟುವುದು ವರ್ಷಕ್ಕೊಮ್ಮೆ. ಜಾತ್ರೆಯೂ ಅಷ್ಟೆ. ಬೀದಿಗೆ ಇಳಿದು ಕೇಳಿ ನೋಡಿ. 'ನೀರು ಯಾವಾಗ ಬಿಡ್ತಾರೆ, ಅದೊಂದು ಹೇಳಿದ್ರೆ ಸಾಕು' ಎನ್ನುವವರೇ ಜಾಸ್ತಿ.

ನಮ್ಮ ಬಹಳಷ್ಟು ಪಟ್ಟಣಗಳಲ್ಲಿ ನಲ್ಲಿ ನೀರು ದಿನವಿಡೀ ಬರುವುದಿಲ್ಲ. ಎರಡು ದಿನಕ್ಕೋ, ನಾಲ್ಕು ದಿನಕ್ಕೋ, ಬೇಸಿಗೆ ಬಂದರೆ ವಾರಕ್ಕೋ ಒಮ್ಮೆ ಬಿಡುತ್ತಾರೆ. ನೀರು ಕಡಿಮೆ ಎನ್ನುವುದು ಒಂದು ಕಷ್ಟ. ಯಾವ ಹೊತ್ತಿಗೆ ಬರುತ್ತದೆ ಎಂದು ಗೊತ್ತಿಲ್ಲದಿರುವುದು ಇನ್ನೊಂದು ಕಷ್ಟ. ಮನೆಯಲ್ಲಿ ಯಾರಾದರೂ ಕಾದು ಕೂರಲೇಬೇಕು. ಹಾಗೆ ಕೂರುವವರು ಹೆಚ್ಚಾಗಿ ಹೆಂಗಸರು. ಕೂಲಿ ತಪ್ಪಿಸಿಕೊಂಡು, ನಿದ್ದೆ ಕೆಟ್ಟು, ಮದುವೆ ಮನೆಗೂ ಹೋಗದೆ ಕಾಯುತ್ತಾರೆ. ಹಾಗಾಗಿ ಆಪ್ ಮಾಡುವುದಾದರೆ ಈ ಒಂದೇ ಕೆಲಸವನ್ನು ಹಿಡಿದು, ಅದನ್ನು ಸರಿಯಾಗಿ ಮಾಡಿ ಎಂದು ನಾನು ಹೇಳುತ್ತೇನೆ. ಉಳಿದದ್ದನ್ನು ಆಮೇಲೆ ಸೇರಿಸಬಹುದು.

ಈ ಕೆಲಸವನ್ನು ನಮ್ಮ ರಾಜ್ಯದಲ್ಲೇ ಮಾಡಿ ನೋಡಿದವರಿದ್ದಾರೆ. 2011ರ ಸುಮಾರಿಗೆ ಹುಬ್ಬಳ್ಳಿ-ಧಾರವಾಡದಲ್ಲಿ ನೆಕ್ಸ್ಟ್‌ಡ್ರಾಪ್ ಎಂಬ ಸಂಸ್ಥೆ ಕೆಲಸ ಶುರು ಮಾಡಿತು. ವಾಲ್ವ್ ತಿರುಗಿಸಿ ನೀರು ಬಿಡುವ ವಾಲ್‌ಮನ್ ಫೋನ್ ಮಾಡಿ ತನ್ನ ವಾಲ್ವಿನ ಸುದ್ದಿ ತಿಳಿಸುವುದು, ಆ ಓಣಿಯ ಮನೆಗಳಿಗೆ ನೀರು ಬರುವ ಮುಂಚೆಯೇ ಎಸ್‌ಎಂಎಸ್ ಹೋಗುವುದು. ಸ್ಮಾರ್ಟ್‌ಫೋನ್ ಬೇಕಿರಲಿಲ್ಲ. ಇದೇ ವ್ಯವಸ್ಥೆ ಆಮೇಲೆ ಬೆಂಗಳೂರಿಗೂ ಬಂತು. ಅಲ್ಲಿ ಅದು ಎಷ್ಟು ಉಪಯೋಗಕ್ಕೆ ಬಂತು ಎಂದು ತನು ಕುಮಾರ್, ಆಲಿಸನ್ ಪೋಸ್ಟ್ ಮತ್ತು ಇಶಾ ರೇ ಎಂಬ ಸಂಶೋಧಕರು ಅಳೆದು ನೋಡಿದರು. ಅವರ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಜನ ನೀರಿಗಾಗಿ ಕಾಯುವ ಸಮಯ ಕಡಿಮೆಯಾದದ್ದು ಅವರಿಗೆ ಕಾಣಲಿಲ್ಲ. ಮನಸ್ಸಿನ ಆತಂಕ ಮಾತ್ರ ಇಳಿದಿತ್ತು. ಯಾಕೆ ಹೀಗೆ ಎಂದು ಅವರು ಮಾಹಿತಿ ಹರಿಯುವ ದಾರಿಯನ್ನು ಒಂದೊಂದೇ ಹೆಜ್ಜೆ ಪರೀಕ್ಷಿಸಿದರು. ಮುಖ್ಯವಾಗಿ ಎರಡು ಕಡೆ ದಾರಿ ಕಟ್ಟಿಕೊಂಡಿತ್ತು. ನಡುವೆ ಇರುವ ವಾಲ್‌ಮನ್‌ಗಳು ಎಲ್ಲಾ ಸಲವೂ ಸುದ್ದಿ ಕೊಡುತ್ತಿರಲಿಲ್ಲ. ಕೊಟ್ಟ ಸುದ್ದಿಯೂ ಎಷ್ಟೋ ಸಲ ಮನೆಯ ಗಂಡಸಿನ ಫೋನಿಗೆ ಹೋಗುತ್ತಿತ್ತೇ ಹೊರತು, ನೀರಿಗೆ ಕಾಯುವ ಹೆಂಗಸಿಗೆ ತಲುಪುತ್ತಿರಲಿಲ್ಲ.

ಡಿಸೈನ್ ಕೆಲಸಕ್ಕೆ ಬರುವ ಹುಡುಗ ಹುಡುಗಿಯರಿಗೆ ನಾನು ಮೊದಲು ಓದಲು ಕೊಡುವುದು ಈ ಅಧ್ಯಯನವನ್ನೇ. ಇದರಲ್ಲಿ ಬಟನ್ ಬಣ್ಣದ ಮಾತಿಲ್ಲ. ಕಟ್ಟಿಕೊಂಡ ಎರಡೂ ಜಾಗಗಳು ನಾವು ಕೂತು ಚಿತ್ರ ಬಿಡಿಸುವ ಸ್ಕ್ರೀನಿನ ಹೊರಗಿವೆ. ಆದರೂ ನಮ್ಮಲ್ಲಿ ಟೆಸ್ಟಿಂಗ್ ಎಂದರೆ ಸ್ಕ್ರೀನನ್ನು ನಾಲ್ಕು ಜನರಿಗೆ ತೋರಿಸಿ ಬರುವುದು ಎಂದಾಗಿಬಿಟ್ಟಿದೆ.

ಹಾಗಾಗಿ ನಮ್ಮ ಟೆಸ್ಟಿಂಗ್ ಶುರುವಾಗುವುದು ನೀರು ಬಿಡುವವರಿಂದ. ಬೆಳಗಿನ ಜಾವ ಅವರ ಬೈಕಿನ ಹಿಂದೆ ಕೂತು ಒಂದು ಸುತ್ತು ಹೋಗಿ ಬಂದರೆ, ಆಫೀಸಿನಲ್ಲಿ ತಿಂಗಳುಗಟ್ಟಲೆ ಕೂತರೂ ತಿಳಿಯದ್ದು ತಿಳಿಯುತ್ತದೆ. ಇನ್ನೂ ಕತ್ತಲೆ. ಒಂದು ಕೈಯಲ್ಲಿ ವಾಲ್ವ್ ತಿರುಗಿಸುವ ಉದ್ದನೆಯ ಕಬ್ಬಿಣದ ಕೀಲಿ, ಬಾಯಲ್ಲಿ ಕಚ್ಚಿಕೊಂಡ ಟಾರ್ಚು. ಗುಂಡಿಯ ಮುಚ್ಚಳ ಎತ್ತಿದರೆ ಒಳಗೆ ಕೆಸರು ನೀರು. ವಾಲ್ವ್ ತಿರುಗಿಸಿ ಎದ್ದಾಗ ಎರಡೂ ಕೈ ಒದ್ದೆ. ಒದ್ದೆ ಬೆರಳಿಗೆ ಟಚ್‌ಸ್ಕ್ರೀನ್ ಸರಿಯಾಗಿ ಮಾತು ಕೇಳುವುದಿಲ್ಲ. ಆಗ ಅವರು ಕೈ ಒರೆಸಿಕೊಂಡು, ಫೋನ್ ತೆಗೆದು, ಲಾಕ್ ಬಿಚ್ಚಿ, ಆಪ್ ಹುಡುಕಿ, ಲಾಗಿನ್ ಆಗಿ, ವಾರ್ಡ್ ಆರಿಸಿ, 'ನೀರು ಬಿಡಲಾಗಿದೆ' ಎಂದು ಒತ್ತಬೇಕು ಎಂದರೆ ಯಾರು ಒತ್ತುತ್ತಾರೆ? ಮುಂದಿನ ವಾಲ್ವ್ ಕಾಯುತ್ತಿರುತ್ತದೆ. ಅಷ್ಟರಲ್ಲಿ 'ನಮ್ಮ ಬೀದಿಗೆ ಇನ್ನೂ ಬಂದಿಲ್ಲ' ಎಂದು ಯಾರದೋ ಫೋನ್ ಕೂಡ ಬರುತ್ತಿರುತ್ತದೆ.

ಇದಕ್ಕೆ ನಾನು ಸೂಚಿಸುವುದು ಮಿಸ್ಡ್ ಕಾಲ್. ಒಂದೊಂದು ವಾಲ್ವಿಗೆ ಒಂದೊಂದು ನಂಬರ್. ಅವರ ಫೋನಿನಲ್ಲಿ ಅವರೇ ಕರೆಯುವ ಹೆಸರಿನಲ್ಲಿ ಸೇವ್ ಮಾಡಿಕೊಡಬೇಕು: 'ಗುಡಿ ವಾಲ್ವ್', 'ಸ್ಕೂಲ್ ವಾಲ್ವ್'. ವಾಲ್ವ್ ತಿರುಗಿಸಿದ ಮೇಲೆ ಆ ಹೆಸರಿಗೆ ಒಂದು ರಿಂಗ್ ಕೊಟ್ಟರೆ ಮುಗಿಯಿತು. ಬಟನ್ ಫೋನಿನಿಂದಲೂ ಆಗುತ್ತದೆ, ದುಡ್ಡೂ ಖರ್ಚಾಗುವುದಿಲ್ಲ. ಕರೆ ಬಂದ ಹೊತ್ತೇ ನೀರು ಬಿಟ್ಟ ಹೊತ್ತು.

ಇನ್ನೊಂದು ವಿಷಯ ಇದೆ, ಅದು ಭಯದ್ದು. ಈ ಆಪ್ ತಮ್ಮ ಮೇಲೆ ಕಣ್ಣಿಡಲು ಬಂದದ್ದು ಎಂದು ವಾಲ್‌ಮನ್‌ಗೆ ಒಮ್ಮೆ ಅನ್ನಿಸಿದರೆ ಅಲ್ಲಿಗೆ ಮುಗಿಯಿತು. ಅವರಲ್ಲಿ ಎಷ್ಟೋ ಜನರ ಕೆಲಸ ಕಾಯಂ ಅಲ್ಲ. ಅವರು ಎಲ್ಲಿದ್ದಾರೆ ಎಂದು ಮ್ಯಾಪಿನಲ್ಲಿ ಓಡಿಸಿ ತೋರಿಸೋಣ ಎಂದು ಮೀಟಿಂಗ್‌ನಲ್ಲಿ ಯಾರಾದರೂ ಹೇಳೇ ಹೇಳುತ್ತಾರೆ. ನಾನು ಅದಕ್ಕೆ ಒಪ್ಪುವುದಿಲ್ಲ. ಕರೆಂಟ್ ಹೋಗಿ ಪಂಪ್ ನಿಂತರೆ ಅದು ಅವರ ತಪ್ಪಲ್ಲ. ಆದರೆ ಜನ ಮುತ್ತಿಕೊಳ್ಳುವುದು ಅವರನ್ನೇ. ಬದಲಿಗೆ ಆಪ್ ಅವರ ತಲೆಬಿಸಿ ಕಡಿಮೆ ಮಾಡಬೇಕು. 'ಇವತ್ತು ಕರೆಂಟ್ ಇಲ್ಲ, ತಡ' ಎಂದು ತಿಳಿಸಲು ಇನ್ನೊಂದು ನಂಬರ್ ಕೊಡಿ. ಬೀದಿಯವರ ಫೋನು ಕಡಿಮೆಯಾದಾಗ ಅವರೇ ಮನಸ್ಸಿಟ್ಟು ರಿಂಗ್ ಕೊಡುತ್ತಾರೆ.

ಈಗ ಮನೆಯ ಕಡೆಗೆ ಬರೋಣ. ಒಂದು ಮನೆಗೆ ಒಂದು ನಂಬರ್, ಒಟಿಪಿ ಹಾಕಿ ನೋಂದಣಿ ಮಾಡಿ ಎಂದರೆ ಅದು ಯಾರ ನಂಬರ್ ಆಗಿರುತ್ತದೆ? ಅಂಗಡಿಯಲ್ಲಿ ಕೂತ ಯಜಮಾನರದ್ದು. ಬೆಂಗಳೂರಿನಲ್ಲಿ ಕಂಡ ತೊಡಕು ಇಲ್ಲೂ ಹಾಗೇ ಬರುತ್ತದೆ. ಹಾಗಾಗಿ ನೀರಿನ ಹೊತ್ತು ನೋಡಲು ಲಾಗಿನ್ನೇ ಬೇಡ. ಬೀದಿ ಆರಿಸಿದರೆ ಸಾಕು, ಮನೆಯ ಎಷ್ಟು ಫೋನಿಗೆ ಬೇಕಾದರೂ ಸುದ್ದಿ ಬರಲಿ. ಆಧಾರ್ ನಂಬರನ್ನಂತೂ ಕೇಳಲೇಬೇಡಿ. ನೀರಿನ ಹೊತ್ತು ಹೇಳಲು ಅದರ ಅಗತ್ಯವೇ ಇಲ್ಲ.

ನೋಟಿಫಿಕೇಶನ್ ಬಗ್ಗೆಯೂ ಎಚ್ಚರ ಬೇಕು. 2022ರಲ್ಲಿ ಬಂದ ಆಂಡ್ರಾಯ್ಡ್ 13ರಿಂದ ಈಚೆಗೆ, ನೋಟಿಫಿಕೇಶನ್ ಕಳಿಸಲು ಆಪ್ ಮೊದಲು ಅನುಮತಿ ಕೇಳಬೇಕು. ಆಪ್ ತೆರೆದ ಕೂಡಲೇ ಕೇಳಿದರೆ ಜನ ಇದೇನೋ ಗೊತ್ತಿಲ್ಲ ಎಂದು ಬೇಡ ಒತ್ತಿಬಿಡುತ್ತಾರೆ. ಬೀದಿ ಆರಿಸಿದ ಮೇಲೆ 'ಈ ಬೀದಿಗೆ ನೀರು ಬಿಟ್ಟಾಗ ಫೋನ್ ಸದ್ದು ಮಾಡಬೇಕಾ?' ಎಂದು ಕೇಳಿ, ಹೌದು ಅಂದವರಿಗೆ ಮಾತ್ರ ಅನುಮತಿಯ ಸ್ಕ್ರೀನ್ ತೋರಿಸಿ. ಕಡಿಮೆ ಬೆಲೆಯ ಎಷ್ಟೋ ಫೋನುಗಳು ಬ್ಯಾಟರಿ ಉಳಿಸಲು ಹಿನ್ನೆಲೆಯ ಆಪ್‌ಗಳನ್ನು ನಿಲ್ಲಿಸುತ್ತವೆ. ರಾತ್ರಿಯೆಲ್ಲ ಮುಟ್ಟದೆ ಇಟ್ಟ ಫೋನಿಗೆ ಬೆಳಗಿನ ಜಾವ ಸುದ್ದಿ ಬರುತ್ತದೆಯೇ ಎಂದು ಆಯಾ ಫೋನಿನಲ್ಲೇ ನೋಡಬೇಕು. ಆಫೀಸಿನ ಹೊಸ ಫೋನಿನಲ್ಲಿ ಬಂದರೆ ಎಲ್ಲರಿಗೂ ಬಂದಂತಲ್ಲ.

ಬೀದಿ ಆರಿಸುವುದೂ ಅಂದುಕೊಂಡಷ್ಟು ಸುಲಭದ ಕೆಲಸವಲ್ಲ. ಪುರಸಭೆಯ ಲೆಕ್ಕ ವಾರ್ಡ್ ನಂಬರಿನಲ್ಲಿರುತ್ತದೆ. ಜನರ ಲೆಕ್ಕ 'ಹಳೇ ಬಸ್‌ಸ್ಟ್ಯಾಂಡ್ ಹಿಂದೆ', 'ಮಸೀದಿ ಪಕ್ಕದ ಸಾಲು', 'ಗಿರಣಿ ಓಣಿ'. ನೀರು ಈ ಎರಡರಂತೆಯೂ ಹರಿಯುವುದಿಲ್ಲ, ಅದು ಪೈಪು ಹೋದ ಕಡೆ ಹೋಗುತ್ತದೆ. ಒಂದೇ ಬೀದಿಯ ಎಡಸಾಲಿಗೆ ಇವತ್ತು, ಬಲಸಾಲಿಗೆ ನಾಳೆ ಬರುವುದುಂಟು. ಆದ್ದರಿಂದ ಪಟ್ಟಿಯನ್ನು ವಾಲ್ವಿನ ಪ್ರಕಾರ ಕಟ್ಟಿ, ಹೆಸರನ್ನು ಜನರ ಬಾಯಿಂದ ತೆಗೆದುಕೊಳ್ಳಿ. ಇದಕ್ಕೆ ಕಂಪ್ಯೂಟರ್ ಬೇಡ. ಜಾಗದ ಹೆಸರುಗಳನ್ನು ಚೀಟಿಯಲ್ಲಿ ಬರೆದು ಅರಳಿಕಟ್ಟೆಯ ಮೇಲೆ ಹರಡಿ, 'ನಿಮಗೆ ನೀರು ಬಂದಾಗ ಜೊತೆಗೆ ಯಾವ ಯಾವ ಕಡೆ ಬರುತ್ತದೆ, ಒಟ್ಟಿಗೆ ಇಡಿ' ಎಂದು ಹೇಳಿ. ಹೆಂಗಸರು ಚಕಚಕನೆ ಜೋಡಿಸುತ್ತಾರೆ. ಆಫೀಸಿನ ನಕ್ಷೆಯಲ್ಲಿ ಇಲ್ಲದ ಪೈಪಿನ ದಾರಿಯೂ ಅಲ್ಲಿ ಸಿಗುತ್ತದೆ.

ಆ ಹೆಸರುಗಳನ್ನು ಕನ್ನಡದಲ್ಲಿ ಸ್ಕ್ರೀನಿಗೆ ತಂದಾಗ ಬೇರೆ ತೊಂದರೆಗಳು ಶುರು. ಒಂದು, ಒತ್ತಕ್ಷರ. ಇಂಗ್ಲಿಷ್ ಅಕ್ಷರಕ್ಕೆ ಅಳೆದು ಮಾಡಿದ ಬಟನ್ನಿನಲ್ಲಿ 'ಲಕ್ಷ್ಮೀ ನಗರ' ಎಂದು ಬರೆದರೆ ಕೆಳಗಿನ ಒತ್ತು ಕತ್ತರಿಸಿ ಹೋಗುತ್ತದೆ. ಕನ್ನಡಕ್ಕೆ ಸಾಲುಗಳ ನಡುವೆ ಜಾಗ ಜಾಸ್ತಿ ಬೇಕು, ಬಟನ್ ಕೂಡ ಎತ್ತರ ಇರಬೇಕು. ವಯಸ್ಸಾದವರು ಫೋನಿನ ಅಕ್ಷರ ದೊಡ್ಡದು ಮಾಡಿಕೊಂಡಿರುತ್ತಾರೆ. ಆ ಸೆಟ್ಟಿಂಗ್‌ನಲ್ಲೇ ಒಮ್ಮೆ ಪೂರ್ತಿ ನೋಡಿ.

ಎರಡು, ಹುಡುಕುವುದು. 'ರಾಜ್‌ಕುಮಾರ್ ರಸ್ತೆ' ಎಂದು ಬರೆಯುವಾಗ ಜ್ ಮತ್ತು ಕು ಸೇರಿ ಒತ್ತಾಗದಿರಲಿ ಎಂದು ನಡುವೆ ಕಣ್ಣಿಗೆ ಕಾಣದ ಒಂದು ಯೂನಿಕೋಡ್ ಚಿಹ್ನೆ ಇರುತ್ತದೆ. ಅದು ಗೊತ್ತಿಲ್ಲದವರು ಹಾಗೇ ಟೈಪ್ ಮಾಡಿದರೆ 'ರಾಜ್ಕುಮಾರ್' ಆಗುತ್ತದೆ. ಕಂಪ್ಯೂಟರ್‌ಗೆ ಇವೆರಡೂ ಬೇರೆ ಬೇರೆ. 'ಸಿಗಲಿಲ್ಲ' ಎಂದುಬಿಡುತ್ತದೆ. ಹೋಲಿಸುವ ಮೊದಲು ಆ ಚಿಹ್ನೆಯನ್ನು ಎರಡೂ ಕಡೆಯಿಂದ ತೆಗೆದರೆ ಸರಿಹೋಗುತ್ತದೆ. ಚಿಕ್ಕ ಕೆಲಸ. ಆದರೆ ಟೆಸ್ಟ್ ಮಾಡುವವರು ಕನ್ನಡದಲ್ಲಿ ಟೈಪ್ ಮಾಡದಿದ್ದರೆ ಇದು ಯಾರ ಕಣ್ಣಿಗೂ ಬೀಳುವುದಿಲ್ಲ.

ಇವೆರಡಕ್ಕಿಂತ ದೊಡ್ಡದು ರಾತ್ರಿಯ ಲೆಕ್ಕ. ನೀರು ಎಷ್ಟೋ ಸಲ ನಡುರಾತ್ರಿ ಕಳೆದ ಮೇಲೆ ಬರುತ್ತದೆ. ಮಂಗಳವಾರ ಊಟ ಮಾಡಿ ಮಲಗಿದ ಮೇಲೆ 1 ಗಂಟೆಗೆ ಬಂದರೆ ನಮಗೆಲ್ಲ ಅದು ಮಂಗಳವಾರ ರಾತ್ರಿಯೇ. ಫೋನಿಗೆ ಮಾತ್ರ ಆಗಲೇ ಬುಧವಾರ. 'ಬುಧವಾರ ರಾತ್ರಿ 1:00' ಎಂದು ತೋರಿಸಿದರೆ ಜನ ಮಂಗಳವಾರ ನಿಶ್ಚಿಂತೆಯಾಗಿ ಮಲಗಿ, ಬುಧವಾರ ರಾತ್ರಿಯೆಲ್ಲ ಎದ್ದು ಕಾಯುತ್ತಾರೆ. ನೀರು ಮೊದಲೇ ಬಂದು ಹೋಗಿರುತ್ತದೆ. ಒಂದು ಸಲ ಹೀಗಾದರೆ ಆ ಮನೆಯವರು ಮತ್ತೆ ಆಪ್ ನಂಬುವುದಿಲ್ಲ. ಬೆಳಗಾಗುವ ತನಕ ಹಿಂದಿನ ದಿನದ ಹೆಸರನ್ನೇ ಇಟ್ಟು, ಜೊತೆಗೆ 'ಇವತ್ತು ಮಲಗಿದ ಮೇಲೆ' ಎಂದು ಸೇರಿಸಿ.

ನಂಬಿಕೆಯ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಗೊತ್ತಿಲ್ಲದ್ದನ್ನು ಅಂದಾಜು ಮಾಡಿ ತೋರಿಸಬೇಡಿ. 'ಬೆಳಿಗ್ಗೆ 5:40ಕ್ಕೆ ಬಿಟ್ಟಿದ್ದಾರೆ' ಎನ್ನುವುದು ನಡೆದ ಸಂಗತಿ. ಸುದ್ದಿ ಬಂದಿಲ್ಲದಿದ್ದರೆ 'ಇನ್ನೂ ಸುದ್ದಿ ಬಂದಿಲ್ಲ' ಎಂದೇ ಬರೆಯಿರಿ. ಸುಮ್ನೆ ಹಳೆಯ ವೇಳಾಪಟ್ಟಿ ತೋರಿಸುತ್ತಾ ಕೂತರೆ ಗೋಡೆಗೆ ಅಂಟಿಸಿದ ಕಾಗದಕ್ಕೂ ಆಪ್‌ಗೂ ವ್ಯತ್ಯಾಸವೇನು?

ಎಷ್ಟು ಜನರ ಹತ್ತಿರ ಟೆಸ್ಟ್ ಮಾಡಬೇಕು ಎಂದು ಎಲ್ಲರೂ ಕೇಳುತ್ತಾರೆ. ಐದು ಜನ ಸಾಕು ಎನ್ನುವ ಮಾತು ನಮ್ಮ ಕಸುಬಿನಲ್ಲಿ ಪ್ರಸಿದ್ಧ. ಜೇಕಬ್ ನೀಲ್ಸನ್ ಮತ್ತು ಥಾಮಸ್ ಲ್ಯಾಂಡವರ್ ಎಂಬ ಸಂಶೋಧಕರು 1993ರಲ್ಲಿ ಪ್ರಕಟಿಸಿದ ಲೆಕ್ಕ ಅದರ ಮೂಲ. ಒಬ್ಬೊಬ್ಬರಿಂದ ಸುಮಾರು 31% ತೊಡಕು ಹೊರಬಂದರೆ, ಒಬ್ಬರಿಗೆ ಕಂಡದ್ದೇ ಇನ್ನೊಬ್ಬರಿಗೂ ಕಾಣುವುದರಿಂದ, ಐವರಿಂದ ಒಟ್ಟು ಸುಮಾರು 85% ಬರುತ್ತದೆ. ಆದರೆ ಅದು ಒಂದೇ ಬಗೆಯ ಜನ ಇದ್ದಾಗಿನ ಮಾತು. ಊರು ಹಾಗಿರುವುದಿಲ್ಲವಲ್ಲ. ಕಾಲೇಜಿಗೆ ಹೋಗುವ ಮಗಳು, ಮನೆಯಲ್ಲಿ ಉರ್ದು ಅಥವಾ ತೆಲುಗು ಆಡುವವರು, ವಾಟ್ಸಾಪ್ ಧ್ವನಿ ಸಂದೇಶ ಬಿಟ್ಟು ಬೇರೇನೂ ಬಳಸದ ಅಜ್ಜಿ, ಓದಲು ಬಾರದ ಕೂಲಿಯವರು, ಎಲ್ಲರೂ ಬೇಕು. ಒಂದೊಂದು ಗುಂಪಿನಿಂದ ಐದೈದು ಜನ ಎಂದಿಟ್ಟುಕೊಳ್ಳಿ. ಒಂದೇ ಸಲ ಎಲ್ಲರನ್ನೂ ಕೂರಿಸಬೇಡಿ. ಐವರಿಗೆ ಕೊಟ್ಟು ನೋಡಿ, ಸರಿಮಾಡಿ, ಮತ್ತೆ ಐವರ ಹತ್ತಿರ ಹೋಗಿ.

ಹೋದಾಗ 'ಆಪ್ ಹೇಗಿದೆ?' ಎಂದು ಕೇಳಬೇಡಿ. 'ಚೆನ್ನಾಗಿದೆ ಸಾರ್, ಬನ್ನಿ ಕಾಫಿ ಕುಡಿಯಿರಿ' ಎನ್ನುತ್ತಾರೆ. ಮನೆಗೆ ಬಂದವರ ಕೆಲಸವನ್ನು ಹಳಿಯುವ ಜನ ನಾವಲ್ಲ. ಕೆಲಸ ಕೊಟ್ಟು ನೋಡಿ: 'ಅಮ್ಮ, ನಿಮ್ಮ ಬೀದಿಗೆ ಇವತ್ತು ನೀರು ಬಿಟ್ಟಿದ್ದಾರಾ? ಇದರಲ್ಲಿ ನೋಡಿ ಹೇಳ್ತೀರಾ?' ಆಮೇಲೆ ಬಾಯಿ ಮುಚ್ಚಿಕೊಂಡಿರಿ, ಕೈ ಕಟ್ಟಿಕೊಂಡಿರಿ. ಅವರ ಬೆರಳು ಎಲ್ಲಿ ನಿಂತಿತು, ಯಾವ ಸ್ಕ್ರೀನಿನಲ್ಲಿ ನಿಮ್ಮ ಮುಖ ನೋಡಿದರು, ಅದನ್ನು ಬರೆದುಕೊಳ್ಳಿ. ಪಕ್ಕದಲ್ಲಿದ್ದ ಮಗ 'ಕೊಡಮ್ಮ ಇಲ್ಲಿ, ನಾನ್ ಮಾಡ್ತೀನಿ' ಎಂದು ಕಿತ್ತುಕೊಂಡರೆ ಅದನ್ನೂ ಬರೆದುಕೊಳ್ಳಿ. ಮಗ ಇಲ್ಲದ ಹೊತ್ತಿನಲ್ಲಿ ಆ ತಾಯಿಗೆ ಈ ಆಪ್ ಉಪಯೋಗಕ್ಕಿಲ್ಲ ಎಂದು ಅದರ ಅರ್ಥ. ಫೋನ್ ಅವರದ್ದೇ ಇರಲಿ. ಒಡೆದ ಗ್ಲಾಸು, ತುಂಬಿದ ಮೆಮೊರಿ, ಮುಗಿಯುತ್ತಿರುವ ಡೇಟಾ, ಎಲ್ಲದರ ಜೊತೆಗೇ ಆಪ್ ಬಾಳಬೇಕು. ಇದನ್ನೆಲ್ಲ ಕೋಡಿಂಗ್‌ಗಿಂತ ಮೊದಲೇ ಕಾಗದದ ಮೇಲೆ ಸ್ಕ್ರೀನ್ ಬರೆದುಕೊಂಡು ಒಂದು ಸುತ್ತು ಮಾಡಬಹುದು. ಕಾಗದವಾದರೆ ತಿದ್ದಲು ಯಾರಿಗೂ ಬೇಜಾರಿಲ್ಲ. ವಾರ್ಡ್ ಸದಸ್ಯರನ್ನು ಮಾತ್ರ ಜೊತೆಗೆ ಕರೆದುಕೊಂಡು ಹೋಗಬೇಡಿ. ಅವರೆಷ್ಟೇ ಒಳ್ಳೆಯವರಾಗಿರಲಿ, ಅವರ ಎದುರಿಗೆ ಯಾರೂ ಮನಸ್ಸಿನ ಮಾತು ಆಡುವುದಿಲ್ಲ.

ಇಡೀ ಊರಿಗೆ ಬಿಡುವ ಮೊದಲು ಒಂದೇ ವಾಲ್ವಿಗೆ ಬಿಟ್ಟು ನೋಡಿ. ಆ ಸಾಲಿನ ಕೆಲವು ಮನೆಯವರಿಗೆ, ನಲ್ಲಿಯಲ್ಲಿ ನೀರು ಬಂದ ಹೊತ್ತನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಲು ಹೇಳಿ. ವಾಲ್ವ್ ತೆರೆದ ಮೇಲೆ ಕೊನೆಯ ಮನೆಗೆ ನೀರು ಏರಲು ಎಷ್ಟು ಹೊತ್ತು ಬೇಕು ಎನ್ನುವುದು ಆಗ ತಿಳಿಯುತ್ತದೆ. ಆಪ್ ಹೇಳಿದ್ದಕ್ಕೂ ನಲ್ಲಿ ಹೇಳಿದ್ದಕ್ಕೂ ಎಷ್ಟು ದೂರ ಇದೆ ಎನ್ನುವುದೂ ತಿಳಿಯುತ್ತದೆ. ಸ್ಮಾರ್ಟ್‌ಫೋನ್ ಇಲ್ಲದ ಮನೆಗಳಿಗೆ ಅದೇ ಮಿಸ್ಡ್ ಕಾಲ್‌ನಿಂದ ಎಸ್‌ಎಂಎಸ್ ಅಥವಾ ಧ್ವನಿ ಕರೆ ಹೋಗುವಂತೆ ಮಾಡಿ. ಕಸದ ಗಾಡಿಯ ಮೈಕಿನಲ್ಲಿ ಮರುದಿನದ ಬೀದಿಗಳ ಹೆಸರು ಹೇಳಿಸಿ.

ಒಪ್ಪಂದಕ್ಕೆ ಸಹಿ ಹಾಕುವಾಗ ಒಂದು ಸಾಲು ಕೇಳಿ ಸೇರಿಸಿಕೊಳ್ಳಿ. ವಾಲ್‌ಮನ್ ರಜೆ ಹಾಕಿದರೆ, ಕೆಲಸ ಬಿಟ್ಟರೆ, ಬೇರೆ ಕಡೆಗೆ ಹೋದರೆ, ಹೊಸಬರ ನಂಬರನ್ನು ಅದೇ ದಿನ ಸಿಸ್ಟಮ್ಮಿಗೆ ಹಾಕುವ ಕೆಲಸ ಪುರಸಭೆಯಲ್ಲಿ ಯಾರದ್ದು, ಅವರ ಹುದ್ದೆ ಏನು, ಅವರಿಲ್ಲದಾಗ ಯಾರು.