ಮಿದುಳಿನ ಚಟುವಟಿಕೆಯನ್ನು ಅಳೆಯುವುದೆಂದರೆ ಏನನ್ನು ಅಳೆಯುವುದು?

ಇಟಲಿಯ ಶರೀರಕ್ರಿಯಾ ವಿಜ್ಞಾನಿ ಆಂಜೆಲೊ ಮೊಸ್ಸೊ ಅವರಿಗೆ 1870ರ ದಶಕದಲ್ಲಿ ಬೆರ್ತಿನೊ ಎಂಬ ರೈತನೊಬ್ಬ ಸಿಕ್ಕಿದ್ದ. ತಲೆಯ ಮೇಲೆ ಇಟ್ಟಿಗೆ ಬಿದ್ದು ಅವನ ಬುರುಡೆಯ ಒಂದು ಭಾಗ ಒಡೆದುಹೋಗಿತ್ತು. ಎಳೆಗೂಸಿನ ನೆತ್ತಿ ಮಿಡಿಯುವಂತೆ ಅವನ ಮಿದುಳು ಮಿಡಿಯುವುದು ಆ ತೆರಪಿನಲ್ಲಿ ಹೊರಗೇ ಕಾಣುತ್ತಿತ್ತು. ಎಂಟನ್ನು ಹನ್ನೆರಡರಿಂದ ಗುಣಿಸಲು ಹೇಳಿದಾಗ ಆ ಮಿಡಿತ ಹಿಗ್ಗಿತು. ಅದೇ ಹೊತ್ತಿನಲ್ಲಿ ಮುಂಗೈಯಲ್ಲಿ ಅಂಥ ಬದಲಾವಣೆಯೇನೂ ಕಾಣಲಿಲ್ಲ. ಲೆಕ್ಕ ಮಾಡುವ ಮಿದುಳಿಗೆ ಹೆಚ್ಚು ರಕ್ತ ಹರಿಯುತ್ತದೆ ಎಂಬುದಕ್ಕೆ ಮೊಸ್ಸೊ ಕಂಡ ಸಾಕ್ಷ್ಯ ಇದು.

ದೇಹದ ತೂಕದಲ್ಲಿ ಶೇಕಡ 2ರಷ್ಟಿರುವ ಮಿದುಳು, ವಿಶ್ರಾಂತಿಯಲ್ಲಿರುವ ದೇಹ ಬಳಸುವ ಶಕ್ತಿಯಲ್ಲಿ ಸುಮಾರು ಶೇಕಡ 20ನ್ನು ತಾನೇ ಬಳಸುತ್ತದೆ. ಆದ್ದರಿಂದ ಅದರ ಯಾವ ಭಾಗ ದುಡಿಯುತ್ತಿದೆಯೋ ಅಲ್ಲಿಗೆ ರಕ್ತದ ಪೂರೈಕೆ ಏರುತ್ತದೆ. ಎಫ್ಎಂಆರ್‌ಐ ವಿಧಾನ (ದುಡಿಯುತ್ತಿರುವ ಮಿದುಳನ್ನು ಕಾಂತಕ್ಷೇತ್ರದ ಸ್ಕ್ಯಾನರಿನಿಂದ ಚಿತ್ರಿಸುವುದು) ನಿಂತಿರುವುದು ಈ ಸಂಗತಿಯ ಮೇಲೆಯೇ. ಆಮ್ಲಜನಕವನ್ನು ಬಿಟ್ಟುಕೊಟ್ಟ ಹಿಮೋಗ್ಲೋಬಿನ್ ಕಾಂತಕ್ಷೇತ್ರಕ್ಕೆ ಅಲ್ಪವಾಗಿ ಸೆಳೆಯಲ್ಪಡುತ್ತದೆ, ಆಮ್ಲಜನಕ ತುಂಬಿದ್ದು ಹಾಗಾಗುವುದಿಲ್ಲ ಎಂಬುದನ್ನು ಲೈನಸ್ ಪಾಲಿಂಗ್ ಮತ್ತು ಚಾರ್ಲ್ಸ್ ಕೊರಿಯೆಲ್ 1936ರಲ್ಲಿ ತೋರಿಸಿದ್ದರು. ಈ ವ್ಯತ್ಯಾಸ ಎಂಆರ್‌ಐ ಸಂಕೇತದಲ್ಲಿಯೂ ಕಾಣಿಸಿಕೊಳ್ಳುತ್ತದೆ ಎಂದು ಸೇಜಿ ಒಗಾವಾ ಅವರ ತಂಡ 1990ರಲ್ಲಿ ಇಲಿಗಳಲ್ಲಿ ಕಂಡುಕೊಂಡಿತು. 1992ರ ಹೊತ್ತಿಗೆ ಚುಚ್ಚುಮದ್ದು, ವಿಕಿರಣ ಯಾವುದೂ ಇಲ್ಲದೆ ಮನುಷ್ಯರ ಮಿದುಳಿನಲ್ಲಿಯೂ ಇಂಥ ಪ್ರಯೋಗಗಳು ನಡೆದವು.

ಆದರೆ ಯಂತ್ರ ನೋಡುತ್ತಿರುವುದು ರಕ್ತವನ್ನೇ ಹೊರತು ನರಕೋಶವನ್ನಲ್ಲ. ನಾಲೆಗೆ ನೀರು ಬಿಟ್ಟದ್ದನ್ನು ನೋಡಿ ಯಾವ ಬಯಲಿನಲ್ಲಿ ನಾಟಿ ನಡೆದಿದೆ ಎಂದು ಊಹಿಸುವಂಥ ಕೆಲಸವದು. ನರಕೋಶದ ಒಂದು ಮಿಡಿತ ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಹೊತ್ತಿನಲ್ಲಿ ಮುಗಿದರೆ, ರಕ್ತದ ಹರಿವು ತನ್ನ ಉತ್ತುಂಗ ಮುಟ್ಟಲು ಐದಾರು ಸೆಕೆಂಡು ಬೇಕು. ಚಿತ್ರದ ಒಂದೊಂದು ಘನ ತುಣುಕಿನಲ್ಲಿಯೂ ಲಕ್ಷಗಟ್ಟಲೆ ಕೋಶಗಳಿರುತ್ತವೆ.

ಕಾಲದ ವಿಷಯದಲ್ಲಿ, ಮಿದುಳಿನ ವಿದ್ಯುತ್ತನ್ನು ನೆತ್ತಿಯ ಮೇಲಿನಿಂದ ದಾಖಲಿಸುವ ಇಇಜಿಯೇ ಮೇಲು. ಅದರ ಹುಟ್ಟಿನ ಕಥೆ ವಿಚಿತ್ರವಾದದ್ದು. ಜರ್ಮನಿಯ ಹಾನ್ಸ್ ಬರ್ಗರ್ ತರುಣನಾಗಿ ಸೈನ್ಯದಲ್ಲಿದ್ದಾಗ ಕುದುರೆಯಿಂದ ಬಿದ್ದು ಕೂದಲೆಳೆಯಲ್ಲಿ ಪಾರಾದರು. ಅಂದೇ ತಂದೆಯಿಂದ ಕ್ಷೇಮ ವಿಚಾರಿಸುವ ತಂತಿ ಬಂತು. ದೂರದ ಊರಿನಲ್ಲಿದ್ದ ಅಕ್ಕನಿಗೆ ತಮ್ಮನಿಗೇನೋ ಕೇಡಾಗಿದೆ ಎಂದು ಅನಿಸಿತ್ತಂತೆ. ಮನಸ್ಸಿನ ಶಕ್ತಿ ದೂರಕ್ಕೆ ಸಾಗುವುದೇ ಎಂಬ ಪ್ರಶ್ನೆಯ ಬೆನ್ನುಹತ್ತಿದ ಅವರು ಮುಂದೆ ಮನೋವೈದ್ಯರಾಗಿ, 1924ರಲ್ಲಿ ಯೇನಾ ನಗರದಲ್ಲಿ, ಮಾನವ ಮಿದುಳಿನ ವಿದ್ಯುತ್ತನ್ನು ಮೊದಲ ಬಾರಿಗೆ ದಾಖಲಿಸಿದರು. ಪ್ರಕಟಿಸಲು ಮಾತ್ರ ಐದು ವರ್ಷ ಹಿಂಜರಿದರು. ಪರಮನೋವಿಜ್ಞಾನಕ್ಕೆ ಇದರಿಂದ ಏನೂ ದಕ್ಕಲಿಲ್ಲ. ಮೂರ್ಛೆರೋಗದ ಚಿಕಿತ್ಸೆಗೆ ಬಹಳ ದಕ್ಕಿತು.

ನೆತ್ತಿಯ ಮೇಲಿಟ್ಟ ವಿದ್ಯುದ್ವಾರಗಳಿಗೆ ಸಿಗುವುದು ಕೆಲವು ಹತ್ತು ಮೈಕ್ರೋವೋಲ್ಟ್‌ಗಳಷ್ಟು ಕ್ಷೀಣ ಸಂಕೇತ. ಅದೂ ಸಾವಿರಾರು ಕೋಶಗಳು ಒಟ್ಟಾಗಿ ಏರಿಳಿದರೆ ಮಾತ್ರ. ಕಣ್ಣು ಮುಚ್ಚಿ ಸುಮ್ಮನೆ ಕುಳಿತಾಗ ತಲೆಯ ಹಿಂಭಾಗದಲ್ಲಿ ಸೆಕೆಂಡಿಗೆ 8ರಿಂದ 13 ಬಾರಿ ಏರಿಳಿಯುವ ಆಲ್ಫಾ ತರಂಗಗಳು ಏಳುತ್ತವೆ. ಕಣ್ಣು ತೆರೆದರೆ ಅಡಗುತ್ತವೆ. ಗಟ್ಟಿಮೇಳ ಮೊಳಗಿದ ಕೂಡಲೇ ತಾಳಿ ಕಟ್ಟುವ ಗಳಿಗೆ ಬಂತೆಂದು ಛತ್ರದ ಹೊರಗೆ ನಿಂತವರಿಗೂ ತಿಳಿಯುತ್ತದೆ, ಆದರೆ ಒಳಗೆ ಯಾರು ಎಲ್ಲಿ ಕುಳಿತಿದ್ದಾರೆ ಎಂಬುದು ತಿಳಿಯುವುದಿಲ್ಲ. ಇಇಜಿಯ ಬಲವೂ ದೌರ್ಬಲ್ಯವೂ ಅದೇ. ಎಂಇಜಿ ಎಂಬ ವಿಧಾನ ಇದೇ ವಿದ್ಯುತ್ತಿನಿಂದ ಹುಟ್ಟುವ ಕಾಂತಕ್ಷೇತ್ರವನ್ನು ಅಳೆಯುತ್ತದೆ. ಬುರುಡೆ ಅದನ್ನು ಅಷ್ಟಾಗಿ ಕಲಕದ ಕಾರಣ ಸ್ಥಾನ ತುಸು ಸ್ಪಷ್ಟವಾಗುತ್ತದೆಯಾದರೂ, ಆ ಕ್ಷೇತ್ರ ಭೂಮಿಯ ಕಾಂತಕ್ಷೇತ್ರದ ಹತ್ತಾರು ಕೋಟಿಗಳಲ್ಲಿ ಒಂದು ಪಾಲಿನಷ್ಟು ಮಾತ್ರ ಇರುವುದರಿಂದ ಉಪಕರಣಕ್ಕೆ ವಿಶೇಷ ರಕ್ಷಾಕವಚದ ಕೋಣೆಯೇ ಬೇಕಾಗುತ್ತದೆ.

ಪತ್ರಿಕೆಗಳಲ್ಲಿ ಅಚ್ಚಾಗುವ ಬಣ್ಣದ ಮಿದುಳಿನ ಚಿತ್ರಗಳು ಛಾಯಾಚಿತ್ರಗಳಲ್ಲ, ಸಂಖ್ಯಾಶಾಸ್ತ್ರದ ತೀರ್ಮಾನಗಳು. 2009ರಲ್ಲಿ ಕ್ರೇಗ್ ಬೆನೆಟ್ ಮತ್ತು ಸಂಗಡಿಗರು ಸತ್ತ ಸಾಲ್ಮನ್ ಮೀನೊಂದನ್ನು ಸ್ಕ್ಯಾನರಿನಲ್ಲಿಟ್ಟು, ಮನುಷ್ಯರ ಚಿತ್ರಗಳನ್ನು ತೋರಿಸಿ, ಅವರ ಭಾವ ಯಾವುದೆಂದು ವಿಧಿವತ್ತಾಗಿ ಕೇಳಿದರು. ಸಾವಿರಾರು ತುಣುಕುಗಳನ್ನು ಒಂದೊಂದಾಗಿ ಪರೀಕ್ಷಿಸುವಾಗ ಆಕಸ್ಮಿಕವಾಗಿ ಕೆಲವು ಗೆದ್ದೇ ಗೆಲ್ಲುತ್ತವೆ. ಆ ಸಾಧ್ಯತೆಯನ್ನು ಲೆಕ್ಕದಲ್ಲಿ ಸರಿದೂಗಿಸದೆ ಹೋದಾಗ ಸತ್ತ ಮೀನಿನ ಮಿದುಳೂ ‘ಚುರುಕಾಗಿ’ ಕಂಡಿತು. ಸರಿದೂಗಿಸಿದಾಗ ಆ ಚುರುಕು ಮಾಯವಾಯಿತು. ನನ್ನ ಮಟ್ಟಿಗೆ ಈ ಕ್ಷೇತ್ರದ ಅತ್ಯಂತ ಉಪಯುಕ್ತ ಪ್ರಯೋಗಗಳಲ್ಲಿ ಇದೂ ಒಂದು.

ಪೊಲೀಸ್ ತನಿಖೆಗೆ ಸಂಬಂಧಿಸಿ ‘ಬ್ರೇನ್ ಮ್ಯಾಪಿಂಗ್’ ಎಂದು ನಾವು ಓದುವುದು ಇಇಜಿಯ ಬಳಕೆಯನ್ನೇ. ಮಹತ್ವದ್ದೆನಿಸಿದ ಪ್ರಚೋದನೆಯೊಂದು ಎದುರಾದಾಗ ಸುಮಾರು 300 ಮಿಲಿಸೆಕೆಂಡುಗಳ ನಂತರ ಪಿ300 ಎಂಬ ಅಲೆ ಏಳುತ್ತದೆ; ಶಂಕಿತನಿಗೆ ಅಪರಾಧದ ವಿವರಗಳನ್ನು ತೋರಿಸಿ ಅದನ್ನು ಹುಡುಕುತ್ತಾರೆ. ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2010ರ ಮೇ 5ರಂದು, ಒಪ್ಪಿಗೆಯಿಲ್ಲದೆ ಇಂಥ ಪರೀಕ್ಷೆಗೆ ಒಳಪಡಿಸುವುದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಆರೋಪಿಯನ್ನು ಬಲವಂತಪಡಿಸಬಾರದೆನ್ನುವ ಸಂವಿಧಾನದ 20(3)ನೇ ವಿಧಿಗೆ ವಿರುದ್ಧ ಎಂದು ತೀರ್ಪಿತ್ತಿತು. ವಿಜ್ಞಾನದ ಕಡೆಯಿಂದಲೂ ಒಂದು ತಕರಾರು ಇದೆ: ಆ ಅಲೆ ತೋರಿಸಿದ ವಸ್ತು ಪರಿಚಿತವೆಂದು ಸೂಚಿಸೀತು, ಆದರೆ ಆ ಪರಿಚಯ ಕೊಲೆಯಾದ ಸ್ಥಳದಲ್ಲಿ ಆದದ್ದೋ, ಮಾರನೆಯ ದಿನದ ಪತ್ರಿಕೆಯಲ್ಲಿ ಆದದ್ದೋ ಎಂಬುದನ್ನು ಹೇಳಲಾರದು.