ಮೂಲೆ ಒದ್ದೆ ಆಗುತ್ತಿದೆ, ಸಿಲಿಕೋನ್ ಬಳಿದರೂ ನಿಂತಿಲ್ಲ

ಪ್ರಶ್ನೆ: ನಮ್ಮ ಮೋಟಾರ್‌ಹೋಮ್‌ನಲ್ಲಿ (ಒಳಗೇ ವಾಸ ಮಾಡುವಂಥ ಗಾಡಿ) ಹಾಸಿಗೆ ಪಕ್ಕದ ಗೋಡೆಯ ಮೂಲೆ ಆಗಾಗ ಒದ್ದೆಯಾಗುತ್ತದೆ. ಮೇಲೆ ಹತ್ತಿ, ಆ ಜಾಗದ ನೇರಕ್ಕೆ ಎರಡು ಸಲ ಸಿಲಿಕೋನ್ ಬಳಿದೆ. ಆದರೂ ನಿಂತಿಲ್ಲ. ಈಗೇನು ಮಾಡಲಿ?

ಉತ್ತರ: ಮೂರನೇ ಸಲ ಬಳಿಯಬೇಡಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅಂತಾರಲ್ಲ, ಇಲ್ಲೂ ಅದೇ ಆಗಿರಬಹುದು. ಮೇಲೆಲ್ಲೋ ಒಳಹೊಕ್ಕ ನೀರು ಗೋಡೆಯೊಳಗಿನ ಮರದ ಪಟ್ಟಿ ಹಿಡಿದು ಹರಿಯುತ್ತದೆ, ಎಲ್ಲಿ ತಡೆ ಸಿಕ್ಕಿತೋ ಅಲ್ಲಿ ಹೊರಗೆ ಕಾಣಿಸುತ್ತದೆ. ನನ್ನ ಗಾಡಿಯಲ್ಲಿ ಬಾಗಿಲ ಹತ್ತಿರದ ನೆಲ ಮೆತ್ತಗಾಗಿತ್ತು. ಬಾಗಿಲ ರಬ್ಬರ್ ಬದಲಿಸಿದೆ, ಪ್ರಯೋಜನವಾಗಲಿಲ್ಲ. ಕೊನೆಗೆ ನೋಡಿದರೆ ನೀರು ಬರುತ್ತಿದ್ದದ್ದು ಮುಂಭಾಗದ ಮೇಲ್ತುದಿಯಲ್ಲಿದ್ದ ಪುಟ್ಟ ಲೈಟಿನ ಹಿಂದಿನಿಂದ, ವೈರ್ ಹೋಗುವ ತೂತಿನಲ್ಲಿ!

ಮೊದಲು ಇದು ಯಾವ ನೀರು ಅಂತ ಗೊತ್ತಾಗಬೇಕು. ಮಳೆ ನೀರೋ, ಟ್ಯಾಂಕಿನದೋ, ಅಥವಾ ನಿಮ್ಮದೇ ಉಸಿರಿನ ಹಬೆಯೋ. ನಗಬೇಡಿ. ತಣ್ಣನೆಯ ರಾತ್ರಿ ಎಲ್ಲ ಕಿಟಕಿ ಮುಚ್ಚಿ ಮೂರ್ನಾಲ್ಕು ಜನ ಮಲಗಿದರೆ ಮೂಲೆಗಳಲ್ಲಿ ನೀರು ಇಳಿಯುವಷ್ಟು ಹಬೆ ಕಟ್ಟುತ್ತದೆ, ಹಾಸಿಗೆ ಗೋಡೆಗೆ ಒತ್ತಿಕೊಂಡಿದ್ದರೆ ಇನ್ನೂ ಜಾಸ್ತಿ. ಆ ಜಾಗ ಒರೆಸಿ, ಒಂದು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ, ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಹನಿ ನಿಮ್ಮ ಕಡೆಗಿದ್ದರೆ ಹಬೆ. ಹಾಳೆಯ ಹಿಂದೆ ಇದ್ದರೆ ಗೋಡೆಯಿಂದಲೇ ಬರುತ್ತಿದೆ.

ಮಳೆ ಇಲ್ಲದ ದಿನವೂ ಒದ್ದೆಯಾಗುತ್ತಿದೆಯಾ? ಹಾಗಾದರೆ ಎಲ್ಲ ನಲ್ಲಿ ಮುಚ್ಚಿ, ಪಂಪ್ ಮಾತ್ರ ಆನ್ ಇಟ್ಟು ಸುಮ್ನೆ ಕೂತು ಕೇಳಿ. ಯಾರೂ ನೀರು ಮುಟ್ಟದಿದ್ದರೂ ಪಂಪ್ ಆಗಾಗ ಗುರ್ ಅಂದು ನಿಲ್ಲುತ್ತಿದ್ದರೆ ಎಲ್ಲೋ ಒತ್ತಡ ಇಳಿಯುತ್ತಿದೆ ಎಂದರ್ಥ. ಪ್ರತಿ ಜಾಯಿಂಟಿಗೂ ಟಿಶ್ಯೂ ಪೇಪರ್ ಸುತ್ತಿ ನೋಡಿ, ಬೆರಳಿಗೆ ತಿಳಿಯದ ತೇವ ಅದರಲ್ಲಿ ಕಾಣುತ್ತದೆ. ಎಲ್ಲೂ ತೇವ ಇಲ್ಲದಿದ್ದರೆ ಪಂಪಿನೊಳಗಿನ ವಾಲ್ವ್ ಸವೆದು ನೀರು ಟ್ಯಾಂಕಿಗೇ ವಾಪಸ್ ಹೋಗುತ್ತಿರಬಹುದು, ಅದರಿಂದ ಗೋಡೆ ಒದ್ದೆಯಾಗಲ್ಲ ಬಿಡಿ. ಸಿಂಕ್ ಮತ್ತು ಸ್ನಾನದ ನೀರು ಹೊರಹೋಗುವ ಪೈಪಿನಲ್ಲಿ ಒತ್ತಡ ಇರಲ್ಲ, ಅದು ಈ ಪರೀಕ್ಷೆಗೆ ಸಿಕ್ಕಲ್ಲ. ಸಿಂಕ್ ತುಂಬಿಸಿ, ಒಮ್ಮೆಲೇ ಬಿಟ್ಟು, ಕೆಳಗೆ ಟಾರ್ಚ್ ಹಿಡಿದು ನೋಡಬೇಕು. ಜಾಯಿಂಟ್ ಸೋರಿದರೆ ಮೊದಲು ವಾಷರ್ ಬದಲಿಸಿ. ಪ್ಲಾಸ್ಟಿಕ್ ನಟ್ಟನ್ನು ಸ್ಪ್ಯಾನರ್ ಹಾಕಿ ಜೋರಾಗಿ ತಿರುಗಿಸಿದರೆ ಬಿರುಕು ಬಿಡುತ್ತದೆ.

ಮಳೆ ನೀರೇ ಆದರೆ, ತಗಡಿನ ಮೈಯನ್ನು ಬಿಟ್ಟು ತೂತು ಕೊರೆದ ಜಾಗಗಳನ್ನು ಹುಡುಕಿ. ಚಾವಣಿಯ ವೆಂಟ್ (ಗಾಳಿಕಿಂಡಿ), ಕಿಟಕಿ ಚೌಕಟ್ಟು, ಲೈಟು, ಬಿಸಿಲುಪರದೆಯ ಪಟ್ಟಿ, ಅಂಚಿನ ಪಟ್ಟಿಯ ಸ್ಕ್ರೂಗಳು. ಒಂದು ಸ್ಕ್ರೂ ಬಿಚ್ಚಿ ಅಂಗೈ ಮೇಲೆ ಇಟ್ಟು ನೋಡಿ. ತಲೆ ಹೊಳೆಯುತ್ತಿದ್ದು, ಮರದೊಳಗಿದ್ದ ಭಾಗ ಕಂದು ಬಣ್ಣಕ್ಕೆ ತಿರುಗಿ ತುಕ್ಕು ಉದುರುತ್ತಿದ್ದರೆ ನೀರು ಆ ದಾರಿ ಹಿಡಿದು ಬಹಳ ದಿನವಾಗಿದೆ.

ಆಮೇಲೆ ಪೈಪ್ ನೀರಿನ ಪರೀಕ್ಷೆ. ಹೊರಗಿನ ಕರೆಂಟ್ ಸಂಪರ್ಕ ತೆಗೆದಿಡಿ. ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂರಲಿ. ನೀವು ಕೆಳಗಿನಿಂದ ಶುರು ಮಾಡಿ, ಒಂದೊಂದೇ ಜಾಗಕ್ಕೆ ಹತ್ತು ನಿಮಿಷ ಮೆಲ್ಲಗೆ ನೀರು ಬಿಡುತ್ತಾ ಮೇಲಕ್ಕೆ ಹೋಗಿ. ಮೇಲಿನಿಂದ ಸುರಿದರೆ ಎಲ್ಲ ಸಂದಿಗೂ ಒಟ್ಟಿಗೆ ನೀರು ಇಳಿದು ಏನೂ ತಿಳಿಯಲ್ಲ. ಗಾಡಿ ತೊಳೆಯುವ ಪ್ರೆಶರ್ ಮೆಷಿನ್ ಬೇಡವೇ ಬೇಡ, ಗಟ್ಟಿ ಇರುವ ಸಂದಿಗೂ ಅದು ನೀರು ನುಗ್ಗಿಸುತ್ತದೆ.

ಜಾಗ ಸಿಕ್ಕಿತಾ? ಮೇಲಿಂದ ಬಳಿಯಬೇಡಿ, ಬಿಚ್ಚಿ. ವೆಂಟ್ ಎತ್ತಿದರೆ ಅಡಿಯಲ್ಲಿ ಸಂದಿ ಮುಚ್ಚಲು ಹಾಕಿದ್ದ ಹಳೆಯ ಪಟ್ಟಿ ಒಣಗಿ ರೊಟ್ಟಿ ಚೂರಿನ ಹಾಗೆ ಪುಡಿಯಾಗಿರುತ್ತದೆ. ಪ್ಲಾಸ್ಟಿಕ್ ಉಜ್ಜುಪಟ್ಟಿಯಲ್ಲಿ ಕೆರೆದು, ಸ್ವಚ್ಛ ಮಾಡಿ, ಹೊಸ ಬ್ಯುಟೈಲ್ ಟೇಪ್ (ಮೆತ್ತಗಿನ, ಜಿಗುಟಾದ ರಬ್ಬರ್ ಪಟ್ಟಿ) ಸುತ್ತಲೂ ಕೂರಿಸಿ. ಸ್ಕ್ರೂಗಳನ್ನು ಒಂದರ ಎದುರು ಒಂದರಂತೆ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಟೇಪ್ ಅಂಚಿನಿಂದ ಸಮನಾಗಿ ಹೊರಗೆ ಉಬ್ಬಬೇಕು, ಉಬ್ಬಿದ್ದನ್ನು ಕತ್ತರಿಸಿ. ಅದರ ಮೇಲೆ ಚಾವಣಿಯಲ್ಲಾದರೆ ತಾನೇ ಹರಡಿಕೊಳ್ಳುವ ಸೀಲಂಟ್ (ಸಂದಿ ಮುಚ್ಚುವ ಅಂಟು) ಹಾಕಿ, ಗೋಡೆಯಲ್ಲಾದರೆ ಇಳಿಯದೆ ನಿಲ್ಲುವಂಥದ್ದು. ರಬ್ಬರ್ ಚಾವಣಿಗೆ ಪೆಟ್ರೋಲು, ಥಿನ್ನರ್ ಸೋಕಿಸಬೇಡಿ, ಊದಿಕೊಳ್ಳುತ್ತದೆ.

ಇನ್ನು ನಿಮ್ಮ ಆ ಎರಡು ಪದರ ಸಿಲಿಕೋನ್. ಅದರ ಜಿಡ್ಡು ಉಳಿದರೆ ಅದರ ಮೇಲೆ ಬೇರೆ ಸೀಲಂಟ್ ಇರಲಿ, ಹೊಸ ಸಿಲಿಕೋನ್ ಕೂಡ ಸರಿಯಾಗಿ ಹಿಡಿಯಲ್ಲ. ಅದನ್ನು ಪೂರ್ತಿ ಕೆರೆದು ತೆಗೆಯೋದೇ ಈ ಕೆಲಸದಲ್ಲಿ ಬೇಜಾರಿನ ಭಾಗ, ಮೊದಲೇ ಹೇಳಿಬಿಡುತ್ತೇನೆ.

ಸೋರೋದು ನಿಂತ ಮೇಲೆ ಗೋಡೆಯನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿ. ತೇವ ಅಳೆಯುವ ಮೀಟರ್ ಇದ್ದರೆ ಒಣಗಿರುವ ಗೋಡೆಯ ಅಂಕಿ ಜೊತೆ ಹೋಲಿಸಿ. ಮರದಲ್ಲಿ ತೇವ 20 ಪರ್ಸೆಂಟ್ ದಾಟಿ ಹಾಗೇ ಉಳಿದರೆ ಕೊಳೆಯುವ ಅಪಾಯ ಇದೆ. ದಬ್ಬಳ ಚುಚ್ಚಿದಾಗ ಬೆಣ್ಣೆಯೊಳಗೆ ಹೋದಂತೆ ಹೋದರೆ ಆ ಪ್ಲೈವುಡ್ ಕತ್ತರಿಸಿ ಬದಲಿಸಲೇಬೇಕು. ಗಟ್ಟಿ ಇದ್ದರೆ ಒಳಗಿನ ಹಲಗೆ ತೆಗೆದು ಫ್ಯಾನ್ ಹಾಕಿ. ವಾರಗಟ್ಟಲೆ ಹಿಡಿಯಬಹುದು, ಅಲ್ಲಿವರೆಗೆ ಮೂಲೆ ನೋಡೋಕೆ ಚೆನ್ನಾಗಿರಲ್ಲ. ಮುಚ್ಚುವ ಆಸೆಯಾದರೂ ಮುಚ್ಚಬೇಡಿ.