ಕಂಬ ಜಾರುತ್ತದೆ ಎನ್ನುವವರಿಗೆ

ಜುಲೈ ಬಂತೆಂದರೆ ನನ್ನ ಫೋನಿಗೆ ಒಂದೇ ಥರದ ಮೆಸೇಜುಗಳು. "ಅಕ್ಕ, ಹೋದ ತಿಂಗಳು ಆಗ್ತಿತ್ತು, ಈಗ ಕೈ ನಿಲ್ತಾನೇ ಇಲ್ಲ. ನನ್ನ ಶಕ್ತಿ ಕಡಿಮೆ ಆಯ್ತಾ?" ಶಕ್ತಿ ಎಲ್ಲಿಗೂ ಹೋಗಿಲ್ಲ. ಮಳೆ ಬಂದಿದೆ, ಅಷ್ಟೇ.

ನಾನು ಪೋಲ್ ಡ್ಯಾನ್ಸ್, ಅಂದರೆ ನೆಟ್ಟ ಕಂಬ ಹಿಡಿದು ಹತ್ತುವ, ಸುತ್ತುವ ಕುಣಿತ, ಕಲಿಸುವವಳು. ಬೆಂಗಳೂರಿನಲ್ಲಿ ಕಲಿತೆ, ಅಲ್ಲೇ ಕೆಲವು ವರ್ಷ ಕಲಿಸಿದೆ. ಈಗ ವಿರಾಜಪೇಟೆ ಹತ್ತಿರ ನಮ್ಮ ಮನೆಯ ಹಳೇ ಕಾಫಿ ಗೋದಾಮಿನಲ್ಲಿ ನಾಲ್ಕು ಕಂಬ ನಿಲ್ಲಿಸಿಕೊಂಡಿದ್ದೇನೆ. ಗೋದಾಮು ಖಾಲಿ ಮಾಡಿಸುವಾಗ ಅವ್ವ ಬಾಗಿಲಲ್ಲಿ ನಿಂತು ಒಂದೇ ಮಾತು ಕೇಳಿದರು: "ಕಂಬ ಹತ್ತೋಕೆ ಜನ ದುಡ್ಡು ಕೊಟ್ಟು ಬರ್ತಾರಾ? ನಮ್ಮ ತೋಟದಲ್ಲಿ ಮೆಣಸು ಕುಯ್ಯೋಕೆ ನಾವೇ ದುಡ್ಡು ಕೊಡ್ತೀವಿ, ಆದ್ರೂ ಒಬ್ಬರೂ ಬರಲ್ಲ."

ಬರುತ್ತಾರೆ. ಟೀಚರುಗಳು, ಬ್ಯಾಂಕಿನವರು, ಕಾಲೇಜು ಹುಡುಗಿಯರು, ಇಬ್ಬರು ಹುಡುಗರು. "ಇದು ಕ್ಲಬ್ಬಿನ ಕುಣಿತ ಅಲ್ವಾ?" ಎಂದು ಕೇಳುವವರಿಗೆ ಹೌದು ಅಂತಲೇ ಹೇಳುತ್ತೇನೆ. ಇವತ್ತಿನ ಪೋಲ್ ಬೆಳೆದದ್ದು ಕ್ಲಬ್ಬುಗಳ ಹೆಂಗಸರ ಕೈಯಲ್ಲಿ, ಅದನ್ನು ಮುಚ್ಚಿಟ್ಟು ಮಾತಾಡುವುದು ನನಗೆ ಸರಿ ಕಾಣುವುದಿಲ್ಲ. ಈಗ ಅದಕ್ಕೆ ಕ್ರೀಡೆಯ ದಾರಿಯೂ ಇದೆ. 2009ರಲ್ಲಿ ಅಂತರರಾಷ್ಟ್ರೀಯ ಪೋಲ್ ಸ್ಪೋರ್ಟ್ಸ್ ಫೆಡರೇಷನ್ ಶುರುವಾಯಿತು, 2012ರಲ್ಲಿ ಅವರ ಮೊದಲ ವಿಶ್ವ ಚಾಂಪಿಯನ್‌ಶಿಪ್ ನಡೆಯಿತು. ಯಾವ ದಾರಿ ಹಿಡಿದರೂ ಕಂಬ ಅದೇ, ಜಾರುವುದೂ ಹಾಗೇ.

ಹಾಗಾಗಿ ಜಾರುವ ವಿಷಯವನ್ನೇ ಮೊದಲು ಬಿಡಿಸಿ ಹೇಳುತ್ತೇನೆ. ಹೊಸಬರು ಬಿಟ್ಟು ಹೋಗುವುದು ಹೆಚ್ಚಾಗಿ ಇಲ್ಲೇ.

ಕಂಬದ ಮೇಲೆ ನಿಮ್ಮನ್ನು ಹಿಡಿದು ನಿಲ್ಲಿಸುವುದು ಮೊದಲು ಚರ್ಮ, ಆಮೇಲೆ ಸ್ನಾಯು. ತೊಡೆಯ ಒಳಭಾಗ, ಮಂಡಿಯ ಹಿಂಭಾಗ, ಮೊಣಕೈಯ ಒಳಮಡಿಕೆ, ಕೆಲವು ಭಂಗಿಗಳಲ್ಲಿ ಸೊಂಟದ ಪಕ್ಕ. ಚಡ್ಡಿ ಹಾಕಿಕೊಳ್ಳಿ ಎನ್ನುವುದು ಇದಕ್ಕೇ. ಲೆಗ್ಗಿಂಗ್ಸ್ ಹಾಕಿಕೊಂಡು ತೊಡೆಯಿಂದ ಕಂಬ ಹಿಡಿಯಲು ಹೋದರೆ ಮಳೆಗಾಲದ ಪಾಚಿ ಕಟ್ಟಿದ ಮೆಟ್ಟಿಲ ಮೇಲೆ ನಿಂತ ಹಾಗೆ.

ಜಾರುವುದರಲ್ಲಿ ಎರಡು ಥರ ಇದೆ. ಒದ್ದೆ ಜಾರಿಕೆ, ಒಣ ಜಾರಿಕೆ. ಎರಡಕ್ಕೂ ಔಷಧಿ ಬೇರೆ ಬೇರೆ. ಒಂದರ ಔಷಧಿ ಇನ್ನೊಂದಕ್ಕೆ ಹಾಕಿದರೆ ಇನ್ನೂ ಕೆಡುತ್ತದೆ.

ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಒದ್ದೆ ಜಾರಿಕೆಯ ಕಾಲ. ಬೆಳಗ್ಗೆ ಕಂಬ ತಣ್ಣಗಿರುತ್ತದೆ. ಬಾಗಿಲು ಕಿಟಕಿ ಹಾಕಿದ ಗೋದಾಮಿನಲ್ಲಿ ಎಂಟು ಜನ ಅರ್ಧ ಗಂಟೆ ಉಸಿರಾಡಿ ಬೆವರಿದರೆ ಗಾಳಿಯ ತುಂಬ ತೇವ. ಫ್ರಿಡ್ಜಿನ ನೀರು ಹಾಕಿದ ಸ್ಟೀಲ್ ಲೋಟದ ಹೊರಗೆ ಹನಿ ಕೂರುತ್ತದಲ್ವಾ, ಕಂಬದ ಮೇಲೂ ಅದೇ ಆಗುತ್ತದೆ. ಕಣ್ಣಿಗೆ ಬೇಗ ಕಾಣುವುದಿಲ್ಲ. ಬೆರಳು ಇಟ್ಟು ಮೇಲಿಂದ ಕೆಳಗೆ ಎಳೆಯಿರಿ, ಗೆರೆ ಬಿತ್ತೆಂದರೆ ನೀರಿದೆ. ಒಣಗಿದ ಹತ್ತಿ ಬಟ್ಟೆಯಿಂದ ಒರೆಸಿ, ಆಮೇಲೆ ಮೆಡಿಕಲ್ ಶಾಪಿನಲ್ಲಿ ಸಿಗುವ ಸರ್ಜಿಕಲ್ ಸ್ಪಿರಿಟ್ ಹಾಕಿ ಇನ್ನೊಮ್ಮೆ ಒರೆಸಿ. ಕೈಗೆ ಲಿಕ್ವಿಡ್ ಚಾಕ್ (ಹಚ್ಚಿ ಒಣಗಿದರೆ ಪುಡಿಯಾಗಿ ನಿಲ್ಲುವ ದ್ರವ) ಅಥವಾ ಜಿಮ್ನಾಸ್ಟಿಕ್ಸ್‌ನವರು ಹಚ್ಚುವ ಮೆಗ್ನೀಸಿಯಂ ಕಾರ್ಬೊನೇಟ್ ಪುಡಿ. ಫ್ಯಾನು ಇರಲಿ. ಚಳಿ ಅಂತ ಹೀಟರ್ ಹಚ್ಚಿದ್ದರೆ ಸ್ಪಿರಿಟ್ ಬಾಟಲಿ ಅದರ ಹತ್ತಿರ ಬೇಡ, ಬೆಂಕಿ ಹತ್ತುವ ವಸ್ತು ಅದು.

ನಮ್ಮ ಸುಗ್ಗಿ ಹಬ್ಬ ಪುತ್ತರಿ ಮುಗಿದು ಡಿಸೆಂಬರ್ ಚಳಿ ಕೂತ ಮೇಲೆ ಆಟವೇ ಉಲ್ಟಾ. ತುಟಿ ಒಡೆಯುತ್ತದೆ, ಅಂಗೈ ಕಾಗದದ ಹಾಗಾಗುತ್ತದೆ. ತಣ್ಣಗಿನ ಕ್ರೋಮ್ ಕಂಬಕ್ಕೆ ಒಣ ಚರ್ಮ ಅಂಟುವುದೇ ಇಲ್ಲ. ಆಗ "ಜಾರುತ್ತಿದೆ" ಅಂತ ಇನ್ನಷ್ಟು ಚಾಕ್ ಹಚ್ಚಿಕೊಂಡರೆ ಮುಗಿಯಿತು. ಈ ಕಾಲದಲ್ಲಿ ಬೇಕಾದದ್ದು ಬಿಸಿ. ಮೊದಲು ಮೈ ಬಿಸಿಯಾಗಲಿ, ಹದಿನೈದು ನಿಮಿಷ. ಕಂಬವನ್ನು ಅಂಗೈಯಿಂದ, ತೊಡೆಯಿಂದ ಉಜ್ಜಿ. ಹೇರ್ ಡ್ರೈಯರ್ ಇದ್ದರೆ ಕೈಯೂ ತೊಡೆಯೂ ತಗಲುವ ಎತ್ತರಕ್ಕೆ ಬಿಸಿ ಗಾಳಿ ಹೊಡೆಯಿರಿ. ತೊಡೆ ತೀರಾ ಒಣಗಿದ್ದರೆ ಒದ್ದೆ ಬಟ್ಟೆಯಿಂದ ಒಮ್ಮೆ ಸವರಿಕೊಳ್ಳಿ, ಸಾಕು.

ಯಾವುದು ಎಂದು ಗೊತ್ತಾಗದಿದ್ದರೆ ಅಂಗೈ ಬೆಳಕಿಗೆ ಹಿಡಿಯಿರಿ. ಮಿಂಚಿದರೆ ಒದ್ದೆ. ಗೆರೆಗಳು ಬೆಳ್ಳಗೆ ಕಂಡರೆ ಒಣ.

ಎರಡೂ ಕಾಲಕ್ಕೂ ಒಂದೇ ಶತ್ರು ಎಣ್ಣೆ. ಕ್ಲಾಸಿನ ದಿನ ಮೈಗೆ ಕೊಬ್ಬರಿ ಎಣ್ಣೆ ಬೇಡ, ಲೋಷನ್ ಬೇಡ. ಚರ್ಮ ಒಡೆಯುತ್ತಿದ್ದರೆ ಹಿಂದಿನ ರಾತ್ರಿ ಹಚ್ಚಿ. ನಮ್ಮಲ್ಲಿ ಒಬ್ಬರು ಮಲ್ಲಕಂಬದ ವಿಡಿಯೋ ನೋಡಿ, ಅಲ್ಲಿ ಎಣ್ಣೆ ಹಚ್ಚುತ್ತಾರೆ ಎಂದು ತಿಳಿದು, ಕಂಬಕ್ಕೆ ಹರಳೆಣ್ಣೆ ಸವರಿಯೇ ಬಿಟ್ಟಿದ್ದರು. ಪಾಪ, ತಪ್ಪು ತಿಳಿದಿದ್ದಲ್ಲ. ಮಲ್ಲಕಂಬಕ್ಕೆ ಹರಳೆಣ್ಣೆ ಹಚ್ಚುವುದು ನಿಜ. ಅದು ಮರದ ಕಂಬ, ದಪ್ಪ, ಮೇಲೆ ಹೋದಂತೆ ಸಣ್ಣ. ಉಜ್ಜಿ ಚರ್ಮ ಸುಲಿಯದಿರಲಿ ಎಂದು ಎಣ್ಣೆ. ನಮ್ಮದು 45 ಮಿಲಿಮೀಟರ್‌ನ ನುಣುಪು ಉಕ್ಕು. ಇದಕ್ಕೆ ಎಣ್ಣೆ ಬಿದ್ದರೆ ಮೂರು ದಿನ ಒರೆಸಬೇಕು. ಒರೆಸಿದವಳು ನಾನೇ.

ಕಂಬದ ಲೋಹದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಕ್ರೋಮ್ ಸಾಮಾನ್ಯವಾಗಿ ಎಲ್ಲರಿಗೂ ಆಗುತ್ತದೆ. ಹಿತ್ತಾಳೆ ಹೆಚ್ಚು ಹಿಡಿಯುತ್ತದೆ, ಕೈ ಬೆವರುವವರಿಗೆ ಒಳ್ಳೆಯದು. ನಿಕಲ್ ಅಲರ್ಜಿ ಇದ್ದವರಿಗೆ ಸ್ಟೇನ್‌ಲೆಸ್ ಸ್ಟೀಲ್ ಎನ್ನುತ್ತಾರೆ, ಅದು ಸ್ವಲ್ಪ ಜಾರುತ್ತದೆ.

ಇನ್ನು ಭುಜ. ನಾನು ಹಟ ಹಿಡಿಯುವ ಜಾಗ ಇದು.

ಮೊದಲ ದಿನ ಯಾರಿಗಾದರೂ "ಕಂಬ ಹಿಡಿದು ನೇತಾಡಿ" ಅಂದರೆ ಭುಜ ಸೀದಾ ಹೋಗಿ ಕಿವಿಗೆ ಅಂಟುತ್ತದೆ. ಕತ್ತೇ ಕಾಣುವುದಿಲ್ಲ, ಆಮೆ ಥರ. ಆಗ ಇಡೀ ಮೈಯ ಭಾರ ಭುಜದ ಕೀಲಿನ ಮೇಲೆ ಬೀಳುತ್ತದೆ. ಹೆಗಲ ಮೇಲೆ ಕಾಫಿ ಮೂಟೆ ಇಟ್ಟಾಗ ಭುಜ ಹೇಗೆ ಕೆಳಗೆ ಕೂರುತ್ತದೆ, ಹಾಗೆ ಕೂರಿಸಿ. ಕತ್ತು ಉದ್ದವಾಗಬೇಕು. ಕೈ ಮೇಲೆ ಇದ್ದರೂ ಭುಜ ಕೆಳಗೆ. ಇದು ಬಾಯಲ್ಲಿ ಹೇಳಿದಷ್ಟು ಸುಲಭ ಅಲ್ಲ, ಅದಕ್ಕೇ ಮೊದಲ ಎರಡು ವಾರ ಕಾಲು ನೆಲದಲ್ಲೇ ಇರುತ್ತದೆ. ಕಂಬದ ಪಕ್ಕ ನಿಂತು, ಒಂದು ಕೈ ಮೇಲೆ ಹಿಡಿದು, ಭುಜ ಕೂರಿಸಿ, ಮಂಡಿ ಸ್ವಲ್ಪ ಮಡಚಿ ಅರ್ಧ ಭಾರ ಮಾತ್ರ ಕೈಗೆ ಕೊಡಿ. ಹತ್ತು ಸೆಕೆಂಡ್. ಮೂರು ಸಲ. ಆಮೇಲೆ ಇನ್ನೊಂದು ಕೈ. ಭುಜ ಮೇಲಕ್ಕೆ ಜಾರಿದ ಕ್ಷಣ ಆ ಸುತ್ತು ಮುಗಿಯಿತು. ಇನ್ನೂ ಐದು ಸೆಕೆಂಡ್ ಆಗುತ್ತಿತ್ತು ಎನ್ನುವ ವಾದ ನನ್ನ ಹತ್ತಿರ ನಡೆಯುವುದಿಲ್ಲ.

ಈ ಹಟಕ್ಕೆ ಕಾರಣ ಇದೆ. ನಾನು ಕಲಿತ ಕಡೆ ಮೂರನೇ ತಿಂಗಳಿಗೇ ನಮಗೆ ಟ್ವಿಸ್ಟೆಡ್ ಗ್ರಿಪ್ ಹೇಳಿಕೊಟ್ಟರು. ಮೇಲಿನ ಕೈಯ ಹೆಬ್ಬೆರಳು ಕೆಳಗೆ ಬರುವ ಹಾಗೆ ತಿರುಚಿ ಹಿಡಿಯುವ ಹಿಡಿತ ಅದು. ಫೋಟೋದಲ್ಲಿ ಚೆನ್ನಾಗಿ ಬರುತ್ತದೆ, ಭುಜ ಮತ್ತು ಮಣಿಕಟ್ಟಿಗೆ ಭಾರ ತುಂಬಾ. ಎರಡೇ ವಾರಕ್ಕೆ ನನ್ನ ಬಲ ಮೊಣಕೈಯ ಒಳಬದಿ ಹಿಡಿದುಕೊಂಡಿತು. ಫಿಲ್ಟರ್ ಕಾಫಿಯ ಡಿಕಾಕ್ಷನ್ ಬಗ್ಗಿಸಲು ಕೈ ತಿರುಗುತ್ತಿರಲಿಲ್ಲ. ನಾಲ್ಕು ತಿಂಗಳು ಕಂಬ ಮುಟ್ಟಲಿಲ್ಲ. ಸ್ನಾಯು ಬೇಗ ಗಟ್ಟಿಯಾಗುತ್ತದೆ, ಅದನ್ನು ಮೂಳೆಗೆ ಕಟ್ಟಿದ ಸ್ನಾಯುರಜ್ಜು ನಿಧಾನ. ಕೈಯಲ್ಲಿ ಬಲ ಬಂತು ಅನಿಸುವ ಹೊತ್ತಿಗೆ ರಜ್ಜು ಇನ್ನೂ ಹಿಂದೆಯೇ ಇರುತ್ತದೆ. ಅದಕ್ಕೇ ವಾರಕ್ಕೆ ಎರಡು, ಹೆಚ್ಚೆಂದರೆ ಮೂರು ಕ್ಲಾಸು, ನಡುವೆ ಒಂದು ದಿನ ಬಿಡುವು.

ನಮ್ಮ ಜಿಲ್ಲೆಯಲ್ಲಿ ಹಾಕಿ ಆಡಿ ಬೆಳೆದವರು ಮನೆಗೊಬ್ಬರು. ಅವರ ಕಾಲಿನ ಬಲಕ್ಕೆ ಕೈ ಮುಗಿಯಬೇಕು. ಆದರೆ ತೊಡೆಯ ಹಿಂಭಾಗ ಹಗ್ಗದ ಹಾಗೆ ಬಿಗಿ, ಸೊಂಟ ತೆರೆಯುವುದೇ ಇಲ್ಲ. ಅವರಿಗೆ ನಾನು ಕೈ ವ್ಯಾಯಾಮ ಕಡಿಮೆ ಮಾಡಿ ಸ್ಟ್ರೆಚಿಂಗ್ ಜಾಸ್ತಿ ಕೊಡುತ್ತೇನೆ. ಕ್ಲಾಸಿನ ಕೊನೆಗೆ, ಮೈ ಬಿಸಿ ಇರುವಾಗ.

ಸುತ್ತುವ ಭಂಗಿಗಳಲ್ಲಿ ಮೊದಲು ಬರುವುದು ಫೈರ್‌ಮ್ಯಾನ್ ಸ್ಪಿನ್. ಎಲ್ಲರೂ ಕೈಯಿಂದ ಎಳೆದುಕೊಂಡು ತಿರುಗಲು ನೋಡುತ್ತಾರೆ. ಸುತ್ತು ಬರುವುದು ಕಂಬದಿಂದ ದೂರ ಇರುವ ಕಾಲಿನಿಂದ. ಅದನ್ನು ಅಗಲಕ್ಕೆ ಬೀಸಿ ನಡೆದು ಬನ್ನಿ, ಆಮೇಲೆ ಎರಡೂ ಮಂಡಿಯಿಂದ ಕಂಬ ಹಿಡಿಯಿರಿ. ಎಡಗಡೆಯಿಂದಲೂ ಮಾಡಿ, ಎಷ್ಟೇ ಕೆಟ್ಟದಾಗಿ ಬಂದರೂ. ಸ್ಪರ್ಧೆಗಳಲ್ಲಿ ಒಂದು ಸ್ಥಿರ ಕಂಬ, ಒಂದು ತಿರುಗುವ ಕಂಬ ಇರುತ್ತದೆ. ಕಲಿಯುವಾಗ ಸ್ಥಿರ ಕಂಬವೇ ಇರಲಿ. ತಿರುಗುವ ಕಂಬ ನೋಡಲು ಸುಲಭ, ತಲೆ ಸುತ್ತು ಬರುವುದು ಮಾತ್ರ ಖಂಡಿತ.

ಹತ್ತುವ ಪಾಠಕ್ಕೆ ಬಂದರೆ, ನಾನು ಮೊದಲು ಇಳಿಯುವುದನ್ನೇ ಕಲಿಸುತ್ತೇನೆ. ಇದು ತೋಟದಲ್ಲಿ ಕಣ್ಣಾರೆ ಕಂಡಿದ್ದು. ಸಿಲ್ವರ್ ಓಕ್ ಮರಕ್ಕೆ ಏಣಿ ಒರಗಿಸಿ ಮೆಣಸು ಕುಯ್ಯುವವರು ಹತ್ತುವಾಗ ಮಾತಾಡುತ್ತಾ ಹತ್ತುತ್ತಾರೆ. ಇಳಿಯುವಾಗ ಮಾತು ನಿಲ್ಲುತ್ತದೆ. ಒಂದು ಕಾಲು ಕೆಳಗಿನ ಮೆಟ್ಟಿಲು ಹುಡುಕಿ, ಕೂತು, ಭಾರ ಹಾಕಿ ನೋಡಿದ ಮೇಲೆಯೇ ಇನ್ನೊಂದು ಕಾಲು ಬಿಡುವುದು. ಕಂಬದಲ್ಲೂ ಹಾಗೇ. ಮಂಡಿ ಮತ್ತು ಪಾದದಿಂದ ಕಂಬವನ್ನು ಬಿಗಿಯಾಗಿ ಹಿಡಿದು, ಒಂದೊಂದೇ ಕೈ ಕೆಳಗಿಳಿಸಿ, ಆಮೇಲೆ ಕಾಲು ಸ್ವಲ್ಪ ಸಡಿಲಿಸಿ ಮತ್ತೆ ಹಿಡಿಯಬೇಕು. ಸುರ್ರನೆ ಜಾರಿ ಬಂದರೆ ತೊಡೆಯ ಚರ್ಮ ಕಂಬದಲ್ಲೇ ಉಳಿಯುತ್ತದೆ. ಒಂದು ಹೆಜ್ಜೆ ಹತ್ತಿ ಇಳಿಯುವುದು ಐದು ಸಲ ಸದ್ದಿಲ್ಲದೆ ಬಂದರೆ ಎರಡನೇ ಹೆಜ್ಜೆ. ಮೇಲೆ ಹೋಗಿ ಕೈ ನಡುಗಿದಾಗ "ಈಗ ಏನ್ ಮಾಡ್ಲಿ ಅಕ್ಕಾ" ಎಂದು ಕೂಗಿದವರು ಬಹಳ ಜನ. ಆ ಹೊತ್ತಿಗೆ ನಾನು ಹೇಳುವುದು ಏನೂ ಅವರ ಕಿವಿಗೆ ಹೋಗುವುದಿಲ್ಲ.

ತಲೆ ಕೆಳಗಾಗುವ ಭಂಗಿ ಎಲ್ಲರಿಗೂ ಬೇಕು, ಮೊದಲ ತಿಂಗಳೇ ಬೇಕು. ನನ್ನ ಲೆಕ್ಕ ಇಷ್ಟೇ: ಕಂಬ ಹಿಡಿದು ನಿಂತು, ಹಾರದೆ, ಕಾಲು ಬೀಸದೆ, ಎರಡೂ ಮಂಡಿಯನ್ನು ಎದೆಗೆ ತಂದು ಐದು ಸೆಕೆಂಡ್ ನಿಲ್ಲಿಸಿ, ನಿಧಾನವಾಗಿ ಕೆಳಗಿಡಿ. ಎರಡೂ ಬದಿಯಿಂದ. ಇದು ಬಂದರೆ ಮಾತಾಡೋಣ. ಕಾಲು ಒದ್ದು ಮೇಲೆ ಹೋಗುವವರು ಹೋಗುತ್ತಾರೆ ನಿಜ, ಆದರೆ ಆ ಒದೆತದ ವೇಗವನ್ನೆಲ್ಲ ತಡೆಯುವುದು ಪಾಪದ ಭುಜ. ಮೊದಮೊದಲು ಪಕ್ಕದಲ್ಲಿ ಹಿಡಿಯಲು ಗೊತ್ತಿರುವವರು ಇರಬೇಕು, ಕೆಳಗೆ ದಪ್ಪ ಕ್ರ್ಯಾಶ್ ಮ್ಯಾಟ್ ಇರಬೇಕು. ಯೋಗದ ಚಾಪೆ ಮ್ಯಾಟ್ ಅಲ್ಲ, ಅಮ್ಮನ ಹಳೇ ಹಾಸಿಗೆಯೂ ಅಲ್ಲ. ಜಾರಿದೆ ಅನಿಸಿದರೆ ಕೈ ಬಿಡಬೇಡಿ, ಗದ್ದ ಎದೆಗೆ ಒತ್ತಿಕೊಳ್ಳಿ. ಬಿಪಿ ಹತೋಟಿಯಲ್ಲಿ ಇಲ್ಲದವರು, ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆ ಇದ್ದವರು, ಹಿಂದೆ ಭುಜ ತಪ್ಪಿದವರು, ಬಸುರಿಯರು ಡಾಕ್ಟರನ್ನು ಕೇಳದೆ ತಲೆ ಕೆಳಗೆ ಮಾಡಬಾರದು. ಭಾನುವಾರ ಮಧ್ಯಾಹ್ನ ಕಡಂಬುಟ್ಟು, ಪಂದಿಕರಿ ಹೊಡೆದು ಮೂರು ಗಂಟೆಗೆ ಕ್ಲಾಸಿಗೆ ಬರುವವರಿಗೂ ಆ ದಿನ ತಲೆ ಮೇಲೇ ಇರಲಿ.

ನೀಲಿಗಟ್ಟುವುದು ಸಹಜ. ತೊಡೆ, ಮಂಡಿಯ ಹಿಂದೆ, ಪಾದದ ಮೇಲೆ. ಕೆಲವು ವಾರದಲ್ಲಿ ಚರ್ಮ ಒಗ್ಗುತ್ತದೆ. ಕೀಲಿನೊಳಗೆ ಚುಚ್ಚುವ ನೋವು, ಕೈ ಜೋಮು ಹಿಡಿಯುವುದು, ರಾತ್ರಿ ಎಬ್ಬಿಸುವ ನೋವು, ಇವು ಸಹಜ ಅಲ್ಲ. ಕಂಬ ಬಿಟ್ಟು ತೋರಿಸಿಕೊಳ್ಳಿ.

ಮನೆಯಲ್ಲೇ ಕಂಬ ಹಾಕಿಸುತ್ತೇನೆ ಎನ್ನುವವರು ಕೊಡಗಿನಲ್ಲಿ ಎರಡು ಸಲ ಯೋಚಿಸಬೇಕು. ಅಂಗಡಿಯಲ್ಲಿ ಸಿಗುವ ಹೆಚ್ಚಿನ ಕಂಬಗಳು ನೆಲ ಮತ್ತು ಸೂರಿನ ನಡುವೆ ಒತ್ತಡದಲ್ಲಿ ನಿಲ್ಲುವಂಥವು. ಕಾಂಕ್ರೀಟ್ ತಾರಸಿ ಇದ್ದರೆ ಸರಿ. ನಮ್ಮ ಹಳೇ ಮನೆಗಳು ಹೆಂಚಿನವು, ಕೆಳಗೆ ಹಲಗೆಯ ಸೀಲಿಂಗ್. ಹಲಗೆಗೆ, ಜಿಪ್ಸಂ ಫಾಲ್ಸ್ ಸೀಲಿಂಗ್‌ಗೆ ಕಂಬ ಒತ್ತಿ ನಿಲ್ಲಿಸಿದರೆ ಒಂದೋ ಸೂರು ತೂತಾಗುತ್ತದೆ, ಇಲ್ಲ ಕಂಬ ನಿಮ್ಮ ಜೊತೆಗೇ ಬರುತ್ತದೆ. ಗೋದಾಮಿನಲ್ಲಿ ನಾನು ವೆಲ್ಡರ್‌ನನ್ನು ಕರೆಸಿ ಉಕ್ಕಿನ ತೊಲೆಗೆ ಪ್ಲೇಟು ಕೂರಿಸಿ ಬೋಲ್ಟ್ ಹಾಕಿಸಿದೆ. ಅವನು ರಸಮಟ್ಟ ಹಿಡಿದು ನಾಲ್ಕು ಕಡೆಯಿಂದ ನೋಡಿ, "ಏನ್ ಮೇಡಂ, ಇದಕ್ಕೆ ಆನೆ ಕಟ್ತೀರಾ?" ಎಂದು ಕೇಳಿದ. ಕಟ್ಟಬಹುದು ಎನ್ನುವಷ್ಟು ಗಟ್ಟಿ ಇರಬೇಕು. ಸ್ಥಿರಕ್ಕೂ ತಿರುಗುವುದಕ್ಕೂ ಬದಲಾಯಿಸುವ ಸಣ್ಣ ಸ್ಕ್ರೂ ಬುಡದಲ್ಲಿರುತ್ತದೆ, ಹತ್ತುವ ಮೊದಲು ಪ್ರತಿ ಸಲ ಅದನ್ನು ಅಲೆನ್ ಕೀ ಹಾಕಿ ನೋಡಿ. ಉಂಗುರ, ಬಳೆ, ಕಾಲುಂಗುರ ತೆಗೆದಿಡಿ. ಕಂಬಕ್ಕೂ ಗೀರು, ಬೆರಳಿಗೂ ಗೀರು.

ಈ ವಾರ ಮಳೆ ಬಿಡುವ ಲಕ್ಷಣ ಇಲ್ಲ. ಬೆಳಗಿನ ಬ್ಯಾಚನ್ನು ಸಂಜೆ ಐದಕ್ಕೆ ಹಾಕಿದ್ದೇನೆ, ಅಷ್ಟು ಹೊತ್ತಿಗೆ ಗೋದಾಮು ಸ್ವಲ್ಪ ಬೆಚ್ಚಗಾಗಿರುತ್ತದೆ. ಬರುವವರು ಎರಡು ಟವೆಲ್ ತನ್ನಿ. ಒಂದು ನಿಮಗೆ, ಒಂದು ಕಂಬಕ್ಕೆ.